ಠಣ್ ಅನ್ನದ ಲೋಹ

ಚಳಿಗಾಲ ಬಂತೆಂದರೆ ನಮ್ಮ ಮನೆಯವರ ಬಲಗೈ ಬೆರಳುಗಳು ಬೆಳಿಗ್ಗೆ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತವೆ. ಶರ್ಟಿನ ಗುಂಡಿ ನಾನೇ ಹಾಕಬೇಕು. ಪೀಣ್ಯದ ಒಂದು ಫೌಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಹ್ಯಾಂಡ್ ಗ್ರೈಂಡರ್ ಹಿಡಿದು ಎರಕದ ಅಂಚು ಉಜ್ಜಿದ ಕೈ ಅದು. ರಾತ್ರಿ ಮಲಗಿದಾಗಲೂ "ಕೈಯೊಳಗೆ ಮೆಷಿನ್ ಓಡ್ತಾನೇ ಇದೆ ಕಣೇ" ಅನ್ನೋರು. ನಾನು ವಾತ ಇರಬೇಕು ಅಂತ ವರ್ಷಗಟ್ಟಲೆ ಎಣ್ಣೆ ತಿಕ್ಕಿದೆ. ಅದುರಿ ಅದುರಿ ರಕ್ತನಾಳ, ನರ ಎರಡೂ ಸೊರಗಿವೆ ಅಂತ ಡಾಕ್ಟರು ಹೇಳಿದ ಮೇಲೇ ಗೊತ್ತಾಗಿದ್ದು.

ದಸರಾ ರಜೆಗೆ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಮೆಟಲರ್ಜಿ ಓದುವ ಮಗ ಬಂದ. ಜೇಬಿನಲ್ಲಿ ತಾಮ್ರ, ಅಲ್ಯೂಮಿನಿಯಂ, ಚೂರು ಬೆರಿಲಿಯಂ ಸೇರಿಸಿದ ಎರಡು ಪಟ್ಟಿ. ಬಗ್ಗಿಸಿ ಬಿಸಿ ಮಾಡಿದರೆ ಹಳೇ ಆಕಾರಕ್ಕೆ ಮರಳುವ 'ನೆನಪಿನ ಲೋಹ'. ಸ್ಪ್ಯಾನರ್ ನೆಲಕ್ಕೆ ಬಿಟ್ಟ, ಠಣ್ ಅಂತು. ಒಂದು ಪಟ್ಟಿ ಬಿಟ್ಟ, ಠಪ್ ಅಂತಷ್ಟೇ ಅಂದು ಸುಮ್ಮನಾಯ್ತು. ಅದುರೋದನ್ನೆಲ್ಲ ನುಂಗಿಬಿಟ್ಟಿತ್ತು.

1959ರ ಸುಮಾರಿಗೆ ಅಮೆರಿಕದ ನೌಕಾ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಅನ್ನೋರಿಗೂ ಹೀಗೇ ಆಯಿತಂತೆ. ನಿಕ್ಕಲ್-ಟೈಟೇನಿಯಂ ಸರಳುಗಳಲ್ಲಿ ತಣ್ಣಗಿದ್ದದ್ದು ಬಿದ್ದಾಗ ಠಪ್, ಬಿಸಿಯಿದ್ದದ್ದು ಗಂಟೆ ಹಾಗೆ ಠಣ್!

ಲೋಹ ಅಂದರೆ ಒಂದೇ ಮುದ್ದೆಯಲ್ಲ, ಹರಳು ಹರಳು ಕೂಡಿದ್ದು ಅಂತ ಮಗ ಶುರು ಮಾಡಿದ. ನನಗೆ ಮೈಸೂರ್ ಪಾಕಿನ ಉದಾಹರಣೆ ಬೇರೆ! (ಅಡುಗೆಮನೆ ಬಿಟ್ಟರೆ ಅಮ್ಮನಿಗೆ ಏನೂ ತಿಳಿಯಲ್ಲ ಅಂತ ಅವನ ಲೆಕ್ಕ.) ತಣ್ಣಗಿರುವಾಗ ಪ್ರತಿ ಹರಳಿನೊಳಗೆ ಸಣ್ಣ ಸಣ್ಣ ಪದರಗಳಿರುತ್ತವೆ. ಅದುರಿದಾಗ ಆ ಪದರಗಳ ಗಡಿಗಳು ಹಿಂದೆ ಮುಂದೆ ಸರಿದಾಡಿ, ಕಂಪನವನ್ನು ಶಾಖ ಮಾಡಿ ಮುಗಿಸುತ್ತವೆ. ಹರಳಿನ ಅಂಚು ಬಂದರೆ ಮಾತ್ರ ಗೋಡೆ ಅಡ್ಡ ಬಂದ ಹಾಗೆ ನಿಲ್ಲಬೇಕು. ಹಾಗಾಗಿ ಹರಳು ದೊಡ್ಡದಿದ್ದಷ್ಟೂ ಸರಿದಾಡೋಕೆ ಜಾಗ ಹೆಚ್ಚು, ನುಂಗೋದೂ ಸಾಮಾನ್ಯವಾಗಿ ಹೆಚ್ಚು.

"ಹಾಗಾದ್ರೆ ದೊಡ್ಡ ಹರಳಿಂದೇ ಮಾಡಿ" ಅಂದೆ. ಇವರು ಮಾತಾಡಲಿಲ್ಲ. ಎರಡೂ ಪಟ್ಟಿಗಳನ್ನು ವೈಸ್‌ಗೆ ಕಚ್ಚಿಸಿ ಹಿಂದೆ ಮುಂದೆ ಬಗ್ಗಿಸಿದರು. "ಅಪ್ಪಾ, ಉಜ್ಜಬೇಡ ಮಾತ್ರ, ಬೆರಿಲಿಯಂ ಧೂಳು ಶ್ವಾಸಕೋಶಕ್ಕೆ ವಿಷ" ಅಂತ ಮಗ ಕೂಗಿದ. ದೊಡ್ಡ ಹರಳಿನದು ಬೇಗ ಮುರಿಯಿತು. ಮುರಿದ ಮುಖ ಕಲ್ಲುಸಕ್ಕರೆ ಹಾಗೆ ಮಿನುಗುತ್ತಿತ್ತು. ಬೋರಾನ್ ಚಿಟಿಕೆಯಷ್ಟು ಹಾಕಿ ಹರಳು ಸಣ್ಣ ಮಾಡಿದ್ದು ಬಾಗುತ್ತಲೇ ಇತ್ತು.

"ಸಂದಿನಲ್ಲಿ ಬಿಟ್ಕೊಂಡಿದೆ. ಅಕ್ಕಪಕ್ಕದ ಹರಳು ಒಂದೊಂದು ಕಡೆ ಎಳೆದಿವೆ" ಅಂದರು ಇವರು. ಮಗನ ಪುಸ್ತಕದಲ್ಲಿರೋದೂ ಅದೇ. ಗಟ್ಟಿ ಬೇಕೆಂದರೆ ಸಣ್ಣ ಹರಳು, ಅದುರು ನುಂಗಬೇಕೆಂದರೆ ದೊಡ್ಡದು. ಎರಡರ ನಡುವೆ ಎಲ್ಲಿ ನಿಲ್ಲಿಸಬೇಕು ಅನ್ನೋದೇ ಅವನ ತಲೆನೋವು.

"ಗ್ರೈಂಡರ್ ಹಿಡಿಗೆ ಹಾಕಬಹುದೇನೋ? ಅದು ಬಿಸಿಯಾದ್ರೆ?" ಇವರು ಕೇಳಿದರು. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಯಾವ ಉಷ್ಣತೆಗೆ ಬದಲಾಗಬೇಕು ಅನ್ನೋದನ್ನು ಬೆರಕೆ ಹೆಚ್ಚುಕಡಿಮೆ ಮಾಡಿ ಹೊಂದಿಸಬಹುದಂತೆ. ಆದರೆ ದುಬಾರಿ. ಈಗ ಕೈ ಉಳಿಯಬೇಕಾದರೆ ಕಡಿಮೆ ಅದುರುವ ಮೆಷಿನ್ನು, ಕಡಿಮೆ ಗಂಟೆ, ಬೆಚ್ಚಗಿನ ಕೈ. ಇಷ್ಟೇ ಇರೋದು. ಇದನ್ನು ನಮಗೆ ಇಪ್ಪತ್ತು ವರ್ಷದ ಹಿಂದೆ ಯಾರೂ ಹೇಳಲಿಲ್ಲ ಅನ್ನೋ ಸಿಟ್ಟು ನನಗಿನ್ನೂ ಇದೆ.

ಹಿಂದಿನ ಬೀದಿಯ ಹುಡುಗನೊಬ್ಬ ಈಗ ಅದೇ ಕೆಲಸಕ್ಕೆ ಸೇರಿದ್ದಾನೆ. ಮೊನ್ನೆ ಇವರು ಅವನನ್ನು ಕರೆದು ಜಗಲಿ ಮೇಲೆ ಕೂರಿಸಿಕೊಂಡು, ಬೆರಳುಗಳನ್ನು ಒಂದೊಂದಾಗಿ ಒತ್ತಿ, ಕೆಂಪು ಮರಳಿ ಬರುತ್ತಾ ಅಂತ ನೋಡಿದರು.