ನಡುವೆ ಆಡುವವನು

ನಾನು ಫುಟ್‌ಬಾಲಿನ ಬಗ್ಗೆ ಬರೆಯಲು ಕುಳಿತಿದ್ದೇನೆಂದು ತಿಳಿದರೆ ನಮ್ಮ ಶಾಲೆಯ ದೈಹಿಕ ಶಿಕ್ಷಕರು ಖಂಡಿತ ನಕ್ಕಾರು. ಮೂವತ್ತು ವರ್ಷ ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸಿದ ನನಗೆ ಆಟದ ಪಿರಿಯಡ್ಡೆಂದರೆ ನೋಟ್ಸ್ ತಿದ್ದುವ ಪಿರಿಯಡ್ಡು. ಈ ಆಟದಲ್ಲಿ ಯಾರ ಕೆಲಸ ಏನೆಂಬುದು ನನಗೆ ತಿಳಿದದ್ದೇ ಐವತ್ತರ ಹೊಸ್ತಿಲಲ್ಲಿ. ತಿಳಿಸಿದವನು ನನ್ನ ತಮ್ಮ.

2020ರ ಅಕ್ಟೋಬರ್ 12, ಸೋಮವಾರ. ಕೊರೋನಾದಿಂದ ಶಾಲೆಗಳಿಗೆ ಬೀಗ ಬಿದ್ದಿತ್ತು. ಓಣಿಯಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಹೇಳುವ ವಿದ್ಯಾಗಮವೂ ಆಗಷ್ಟೇ ನಿಂತಿತ್ತು. ಬೀದರಿನ ಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದಾಗ ಭಾಲ್ಕಿಯಿಂದ ತಮ್ಮನ ಫೋನು ಬಂತು. ಆ ದಿನಗಳಲ್ಲಿ ಫೋನು ಬಂದರೆ ಎದೆ ಧಸಕ್ಕೆನ್ನುತ್ತಿದ್ದುದು ನಿಮಗೂ ನೆನಪಿರಬೇಕು.

"ಅಕ್ಕಾ, ಚಾಪ್ಮನ್ ಹೋದ" ಎಂದ. ದನಿ ಒಡೆದಿತ್ತು.

"ಯಾರಪ್ಪಾ? ನಿಮ್ಮ ಮಿಲ್ಲಿನವನೇನು?" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಿನಗ ಗೊತ್ತಿಲ್ಲ ಬಿಡು. ಬೆಂಗಳೂರಿನವ. ಫುಟ್‌ಬಾಲ್ ಆಡ್ತಿದ್ದ. ಹಾರ್ಟ್ ಅಟ್ಯಾಕ್ ಆಗ್ಯಾದಂತ" ಎಂದು ಫೋನು ಇಟ್ಟ. ಅಪ್ಪ ತೀರಿಕೊಂಡಾಗಲೂ ಅಳದೆ ಎಲ್ಲ ಕೆಲಸ ಮಾಡಿದವನು ಕಾಣದ ಊರಿನ ಆಟಗಾರನಿಗಾಗಿ ಗಂಟಲು ಕಟ್ಟಿಸಿಕೊಂಡನಲ್ಲ ಎಂದು ನನಗೆ ಸೋಜಿಗವಾಯಿತು. ರಾತ್ರಿ ನಾನೇ ಫೋನು ಮಾಡಿ, "ಯಾರವ, ಹೇಳು" ಎಂದೆ. ಒಂದು ಗಂಟೆ ಹೇಳಿದ.

ಕಾರ್ಲ್ಟನ್ ಚಾಪ್ಮನ್ ಹುಟ್ಟಿದ್ದು 1971ರ ಏಪ್ರಿಲ್ 13ರಂದು, ಬೆಂಗಳೂರಿನಲ್ಲಿ. ನನಗಿಂತ ಒಂದು ವರ್ಷಕ್ಕೆ ಚಿಕ್ಕವ, ತಮ್ಮನ ಸರೀಕ. 1990ರ ಸುಮಾರಿಗೆ ಜಮಶೇಡಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದ. 1993ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡಕ್ಕೆ ಹೋದ. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಇವರು 6-2ರಿಂದ ಸೋಲಿಸಿದಾಗ ಮೂರು ಗೋಲು ಇವನೊಬ್ಬನದೇ. ಆಮೇಲೆ ಪಂಜಾಬಿನ ಜೆಸಿಟಿ. 1996-97ರಲ್ಲಿ ದೇಶದ ಮೊದಲ ರಾಷ್ಟ್ರೀಯ ಲೀಗ್ ಗೆದ್ದದ್ದು ಆ ತಂಡವೇ. ಮತ್ತೆ ಈಸ್ಟ್ ಬೆಂಗಾಲಿಗೆ ಮರಳಿ, ನಾಯಕನಾಗಿ 2001ರಲ್ಲಿ ಅದೇ ಲೀಗನ್ನು ಗೆಲ್ಲಿಸಿಕೊಟ್ಟು, ಆ ವರ್ಷವೇ ವೃತ್ತಿಯ ಆಟ ಬಿಟ್ಟ. ಭಾರತ ತಂಡದಲ್ಲೂ ಹತ್ತು ವರ್ಷ ಆಡಿ, ನಾಯಕನೂ ಆಗಿದ್ದ. ಆಟ ಬಿಟ್ಟ ಮೇಲೆ ಜಮಶೇಡಪುರ, ಶಿಲ್ಲಾಂಗ್, ಕೋಳಿಕ್ಕೋಡುಗಳಲ್ಲಿ ಹುಡುಗರಿಗೆ ಕಲಿಸುತ್ತಿದ್ದ. ಅಂದರೆ ಕೊನೆಗೆ ಅವನೂ ನಮ್ಮ ಕುಲದವನೇ, ಮಾಸ್ತರು. ಹೋದಾಗ ವಯಸ್ಸು ನಲವತ್ತೊಂಬತ್ತು.

"ಇಷ್ಟು ದೊಡ್ಡವನಾದರೂ ನಾನು ಹೆಸರು ಕೇಳಿಲ್ಲವಲ್ಲೋ" ಎಂದೆ.

"ಅವ ನಡುವ ಆಡಾವ ಅಕ್ಕಾ. ನಡುವ ಆಡಾವನ ಹೆಸರು ಯಾರಿಗೂ ನೆನಪಿರಂಗಿಲ್ಲ."

ಆಮೇಲೆ ನನಗೆ ಪಾಠ ಮಾಡಿದ. ಗೋಲು ಕಾಯುವವರು ಹಿಂದೆ, ಗೋಲು ಹೊಡೆಯುವವರು ಮುಂದೆ. ನಡುವಿನವನು ಹಿಂದಿನವರಿಂದ ಚೆಂಡು ಪಡೆದು ಮುಂದಿನವರಿಗೆ ಮುಟ್ಟಿಸಬೇಕು. ಎದುರಾಳಿ ನುಗ್ಗಿ ಬಂದರೆ ಓಡಿ ಹಿಂದೆಯೂ ಹೋಗಬೇಕು. ಮೈದಾನದಲ್ಲಿ ಅವನಷ್ಟು ಓಡುವವರು ಅಪರೂಪ. ಕೇಳುತ್ತ ಕೇಳುತ್ತ ನನಗೆ ಒಲೆಗೂ ಪಡಸಾಲೆಗೂ ನಡುವೆ ದಿನವಿಡೀ ಓಡಾಡುವ ನಮ್ಮ ಹಿರಿಯ ಸೊಸೆಯಂದಿರು ಕಣ್ಣ ಮುಂದೆ ಬಂದರು. ಊಟ ಮಾಡಿದವರು ಹೊಗಳುವುದು ಹೋಳಿಗೆಯನ್ನು!

ಜೆಸಿಟಿಯಲ್ಲಿ ಚಾಪ್ಮನ್ನನ ಮುಂದೆ ಆಡುತ್ತಿದ್ದವರು ಐ. ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ. ಆ ಮೊದಲ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು, 14 ಗೋಲು ಹೊಡೆದವರು ಭುಟಿಯಾ. ಅವರ ಹೆಸರನ್ನು ನಾನೂ ಕೇಳಿದ್ದೆ. ಪತ್ರಿಕೆಯಲ್ಲಿ ಗೋಲು ಹೊಡೆದವರ ಹೆಸರು ನಿಮಿಷದ ಸಮೇತ ಬರುತ್ತಿತ್ತಂತೆ, ಚೆಂಡು ಕೊಟ್ಟವನ ಹೆಸರು ಬರುತ್ತಿರಲಿಲ್ಲವಂತೆ. ಅದಕ್ಕೂ ಹಿಂದೆ, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೆ ಬಂದಾಗ ನಡುವಿನ ಸಾಲಿನಲ್ಲಿ ನಮ್ಮ ಕೆಂಪಯ್ಯ ಇದ್ದರು. ಆಸ್ಟ್ರೇಲಿಯಾ ಮೇಲೆ ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಪುಸ್ತಕಗಳಲ್ಲಿ ಉಳಿದರು. ಕೆಂಪಯ್ಯನವರ ಹೆಸರನ್ನು ಕರ್ನಾಟಕದಲ್ಲೇ ಎಷ್ಟು ಜನ ಬಲ್ಲರು ಹೇಳಿ.

ಫೋನು ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ಚಾಪ್ಮನ್ನನಿಗಾಗಿ ಅಲ್ಲ. ತಮ್ಮನೂ ಭಾಲ್ಕಿಯ ಹೈಸ್ಕೂಲು ಮೈದಾನದಲ್ಲಿ ನಡುವೆಯೇ ಆಡುತ್ತಿದ್ದನೆಂಬುದು ಆಗ ನೆನಪಾಯಿತು. ಡ್ರಿಲ್ ಮಾಸ್ತರು ಎಲ್ಲಿಂದಲೋ ತಂದ ಒಂದು ಚೆಂಡು, ಕಪ್ಪು ಮಣ್ಣಿನ ಬಯಲು, ಬರಿಗಾಲು. ಬೀದರಿನ ನೆಹರೂ ಕ್ರೀಡಾಂಗಣದಲ್ಲಿ ಆಡಿ ಬಂದ ದಿನ ಅವನು ಮೊಣಕಾಲಿನ ಗಾಯವನ್ನು ಹಬ್ಬದ ಅಂಗಿಯ ಹಾಗೆ ತೋರಿಸುತ್ತಿದ್ದ.

1991ರಲ್ಲಿ ನನ್ನ ಬಿ.ಎ. ಮುಗಿಯಿತು. ಅವನದು ಇನ್ನೂ ಒಂದು ವರ್ಷ ಬಾಕಿ. ಅಪ್ಪ ಹಾಸಿಗೆ ಹಿಡಿದರು, ಎರಡು ಎಕರೆ ಹೊಲದ ತೊಗರಿ ಔಷಧಕ್ಕೂ ಸಾಲುತ್ತಿರಲಿಲ್ಲ. ನನ್ನನ್ನು ಯಾರಿಗಾದರೂ ಕೊಟ್ಟು ಕೈ ತೊಳೆದುಕೊಳ್ಳಿ ಎಂದು ಬಂಧುಗಳು ಅಂದರು. ಆ ರಾತ್ರಿ ತಮ್ಮ ಅವ್ವನಿಗೆ, "ಅಕ್ಕ ಬಿ.ಎಡ್. ಮಾಡ್ಲಿ. ನನಗ ಓದು ತಲಿಗಿ ಹತ್ತಂಗಿಲ್ಲ" ಎಂದ. ಮರುವಾರ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯಲು ಕುಳಿತ. ಅವನಿಗೆ ಓದು ಹತ್ತುವುದಿಲ್ಲ ಎಂಬ ಮಾತನ್ನು ನಾನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು. ಅವನ ಬಿ.ಎ. ಎರಡನೆಯ ವರ್ಷದ ಅಂಕಪಟ್ಟಿ ಆಮೇಲೆ ಅವ್ವನ ಟ್ರಂಕಿನಲ್ಲಿ ಸಿಕ್ಕಿತು. ಅಂಕಗಳು ನನ್ನವಕ್ಕಿಂತ ಹೆಚ್ಚಿದ್ದವು. ಮಡಚಿ ಅಲ್ಲೇ ಇಟ್ಟೆ.

ಮಿಲ್ಲಿನ ಗಲ್ಲೆಯ ಹಿಂದಿನ ಗೋಡೆಗೆ ಅವನು ಚಾಪ್ಮನ್ನನ ಪತ್ರಿಕೆ ಚಿತ್ರಗಳನ್ನು ಅಂಟಿಸಿದ್ದ. ಹೋದಾಗಲೆಲ್ಲ ನೋಡಿದ್ದೇನೆ. ಯಾರೆಂದು ಒಮ್ಮೆಯೂ ಕೇಳಿರಲಿಲ್ಲ. ಅದೇ ವಯಸ್ಸು, ಅದೇ ಜಾಗದ ಆಟ. ತಾನು ಬಿಟ್ಟ ಮೈದಾನದಲ್ಲಿ ಆ ಹುಡುಗ ಓಡುತ್ತಿದ್ದಾನೆಂದು ಇವನು ಮೂವತ್ತು ವರ್ಷ ಅಂದುಕೊಂಡಿದ್ದನೋ ಏನೋ. ಆ ದಿನ ದನಿ ಒಡೆದದ್ದು ಅದಕ್ಕೇ ಇರಬೇಕು.

ಈಗ ನಾನು ಔರಾದಿನ ಶಾಲೆಯಲ್ಲಿದ್ದೇನೆ, ಬೀದರಿನಿಂದ ದಿನಾ ಬಸ್ಸು. ಸಂಜೆ ಹುಡುಗಿಯರು ಚೆಂಡಾಡುವಾಗ ನೋಟ್ಸಿನ ಕಟ್ಟು ಹಿಡಿದುಕೊಂಡೇ ಹೋಗಿ ನಿಲ್ಲುತ್ತೇನೆ. ಯಾರಾದರೂ ಗೋಲು ಹೊಡೆದು ಕುಣಿದರೆ, "ಚೆಂಡು ಕೊಟ್ಟವಳು ಯಾರೇ?" ಎಂದು ಕೇಳುತ್ತೇನೆ. ಮೊದಮೊದಲು ನಗುತ್ತಿದ್ದರು. ಈಗ ಅವರೇ ಕೈ ತೋರಿಸಿ ಹೇಳುತ್ತಾರೆ.

ಇಷ್ಟು ತಿಳಿದ ಮೇಲೂ ನಾನು ಮಾಡಿದ್ದೇನು ಕೇಳಿ. 2023ರಲ್ಲಿ ಶಿಕ್ಷಕರ ದಿನಾಚರಣೆಯಂದು ನನಗೊಂದು ಸಣ್ಣ ಸನ್ಮಾನವಾಯಿತು. ತಮ್ಮ ಭಾಲ್ಕಿಯಿಂದ ಮಿಲ್ಲಿಗೆ ರಜೆ ಹಾಕಿ ಬಂದಿದ್ದ. ಕುರ್ಚಿ ಖಾಲಿ ಇದ್ದರೂ ಹಿಂದೆ ಬಾಗಿಲ ಹತ್ತಿರ ನಿಂತಿದ್ದ. ಶಾಲು ಹೊದ್ದು ಮೈಕಿನ ಮುಂದೆ ನಿಂತಾಗ ಅವನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಗುರುಹಿರಿಯರ ಆಶೀರ್ವಾದ, ಮನೆಯವರ ಸಹಕಾರ ಎಂದು ಎಲ್ಲರೂ ಹೇಳುವುದನ್ನೇ ಹೇಳಿ ಇಳಿದುಬಿಟ್ಟೆ. ಅವನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಬಸ್ ನಿಲ್ದಾಣದಲ್ಲಿ ನನ್ನ ಹಾರ, ಹಣ್ಣಿನ ಬುಟ್ಟಿಗಳನ್ನು ಅವನೇ ಹೊತ್ತಿದ್ದ.

ಅಂದು ಹೇಳಬೇಕಾಗಿದ್ದುದನ್ನು ಇಲ್ಲಿ ಬರೆದಿದ್ದೇನೆ. ನಾನು ಕಳಿಸಿದ ಪುಸ್ತಕಗಳನ್ನು ಅವನು ಮಿಲ್ಲಿನ ಬಾಗಿಲು ಹಾಕಿದ ಮೇಲೆ ಗಲ್ಲೆಯ ಮೇಲಿಟ್ಟುಕೊಂಡು ಓದುತ್ತಾನೆ. ಇದನ್ನೂ ಓದುತ್ತಾನೆ.