ಉದಗೀರಿನಲ್ಲಿ ಮತ್ತೆ ಕೇಳಿದ ಉಮ್ಮನ ದನಿ

ನಮ್ಮವರ ಮನೆಯ ಕಪಾಟಿನಲ್ಲಿ ಹಳೆಯದೊಂದು ಎಂಪಿತ್ರೀ ಪ್ಲೇಯರ್ ಇದ್ದೇ ಇರುತ್ತದೆ. ಗಲ್ಫಿನಿಂದ ರಜೆಗೆ ಬಂದವರು ತಂದದ್ದು, ಇಲ್ಲವೇ ಉಮ್ರಾಕ್ಕೆ ಹೋದವರು ಕುರ್‌ಆನ್ ಪಾರಾಯಣ ತುಂಬಿಸಿಕೊಂಡು ಬಂದದ್ದು. ಮೊಬೈಲ್ ಬಂದ ಮೇಲೆ ಅದನ್ನು ಕೇಳುವವರಿಲ್ಲ. ಒಂದು ದಿನ ಆನ್ ಆಗುವುದಿಲ್ಲ, ಮಕ್ಕಳ ಆಟಕ್ಕೆ ಹೋಗುತ್ತದೆ, ಅಲ್ಲಿಂದ ಗುಜರಿಗೆ. ಗುಜರಿಗೆ ಹಾಕುವ ಮೊದಲು ಇದನ್ನೊಮ್ಮೆ ಓದಿ ಎಂದು ಕೇಳಿಕೊಳ್ಳುತ್ತೇನೆ.

ನನ್ನ ಕೈಗೆ ಬಂದ ಪ್ಲೇಯರ್ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಕಾರ್ಡ್ ಹಾಕುವ ಜಾಗವಿಲ್ಲ, ಏನಿದ್ದರೂ ಒಳಗಿನ ಮೆಮೊರಿಯಲ್ಲೇ. ಅದರಲ್ಲಿ ದನಿ ರೆಕಾರ್ಡ್ ಮಾಡುವ ಗುಂಡಿಯೊಂದಿತ್ತು. ಉಮ್ಮ ಬದುಕಿದ್ದಾಗ ನನ್ನ ತಂಗಿ ಅವರ ಪಕ್ಕದಲ್ಲಿ ಕೂತು ಮದುವೆಮನೆಯ ಬ್ಯಾರಿ ಪಾಟುಗಳನ್ನೂ ತೊಟ್ಟಿಲ ಹಾಡುಗಳನ್ನೂ ಅದರಲ್ಲಿ ತುಂಬಿಸಿದ್ದಳು. ಆ ಹಾಡುಗಳನ್ನು ಯಾರೂ ಬರೆದಿಟ್ಟಿಲ್ಲ. ಕಳೆದ ಮೇ ತಿಂಗಳಲ್ಲಿ ಅವಳು ಅದನ್ನು ಊರಿನಿಂದ ಉಮರ್ಗಾಕ್ಕೆ, ನಾನು ಕೆಲಸ ಮಾಡುವ ಹೆದ್ದಾರಿ ಬದಿಯ ಹೋಟೆಲಿಗೆ ಕಳುಹಿಸಿದಳು. ಜೊತೆಗೆ ಒಂದು ಚೀಟಿ: ‘ಏಳೆಂಟು ನಿಮಿಷ ಹಾಡಿ ಸಾಯುತ್ತದೆ, ಕಂಪ್ಯೂಟರಿಗೆ ಹಾಕಿದರೂ ತೋರಿಸುವುದಿಲ್ಲ, ಏನಾದರೂ ಮಾಡು.’

ನಿಲಂಗಕ್ಕೆ ಹೋದಾಗ ಅಲ್ಲಿನ ಒಂದು ಅಂಗಡಿಯಲ್ಲಿ ತೋರಿಸಿದೆ. ಬೋರ್ಡ್ ಹೋಗಿದೆ, ಎಸೆಯಿರಿ ಎಂದರು. ತೆರೆದೂ ನೋಡಲಿಲ್ಲ. ಬ್ಯಾಟರಿ ಬಿಚ್ಚಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂದೂ ಸೇರಿಸಿದರು. ಆ ಒಂದು ಮಾತು ನನ್ನನ್ನು ಎರಡು ವಾರ ಕಟ್ಟಿಹಾಕಿತು. ಕೊನೆಗೆ ಹೋಟೆಲಿಗೆ ಬರುವ ಲಾರಿಯವರೊಬ್ಬರು ಉದಗೀರಿನಲ್ಲಿ ರೇಡಿಯೋ ಕಾಲದಿಂದ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ ಎಂದರು. ನಿಲಂಗದಿಂದ ದೇವಣಿ ದಾರಿಯಾಗಿ ಬಸ್ಸು. ದೇವಣಿ ಎಂದರೆ ಆ ಹೆಸರಾಂತ ದನಗಳ ತಳಿಯ ಊರೇ.

ಹಿರಿಯರು ನನ್ನ ಹಿಂದಿ ಕೇಳಿ ನಕ್ಕು ಕನ್ನಡಕ್ಕೆ ಬಂದರು. ನಿಲಂಗ, ಉದಗೀರ್ ಎರಡೂ ನಿಜಾಮನ ಕಾಲದಲ್ಲಿ ಬೀದರ್ ಜಿಲ್ಲೆಯ ತಾಲೂಕುಗಳು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಬಂದಾಗ ಇವು ಮುಂಬಯಿ ರಾಜ್ಯಕ್ಕೆ ಹೋದವು. ಗಡಿ ಸರಿದರೂ ಪೇಟೆಯಲ್ಲಿ ಕನ್ನಡ ಉಳಿದಿದೆ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ನಮ್ಮಲ್ಲೂ ಹಿರಿಯರಿಗೆ ಕಾಕ ಎನ್ನುವುದರಿಂದ ನನಗೆ ನಾಲಿಗೆ ತಡವರಿಸಲಿಲ್ಲ.

‘ಬ್ಯಾಟರಿ ತೆಗೆದ್ರ ಎಲ್ಲಾ ಅಳಿಸತದೇನ್ರೀ ಕಾಕಾ?’ ಎಂದು ಅವರ ಧಾಟಿಯಲ್ಲೇ ಕೇಳಿದೆ.

‘ಪೆನ್ ಡ್ರೈವ್‌ನಾಗ ಬ್ಯಾಟರಿ ಇರತದೇನು? ಅದರಾಗಿನ ಹಾಡು ಎಲ್ಲಿ ಹೋಗ್ತಾವ? ಗಡಿಯಾರ ತಪ್ಪಬಹುದು, ಅಷ್ಟೇ.’

ಇದೊಂದನ್ನು ಎಲ್ಲರೂ ನೆನಪಿಡಬೇಕು. ಇಂಥ ಪ್ಲೇಯರಿನ ಫ್ಲಾಶ್ ಮೆಮೊರಿಗೆ ದನಿ ಹಿಡಿದಿಟ್ಟುಕೊಳ್ಳಲು ಕರೆಂಟು ಬೇಡ.

ಕಾಕಾ ಒಮ್ಮೆಲೇ ಬ್ಯಾಟರಿಗೆ ಕೈ ಹಾಕಲಿಲ್ಲ. ಮೊದಲು ಬೇರೆ ಕೇಬಲ್ ಹಾಕಿ ನೋಡಿದರು. ಚಾರ್ಜಿಂಗ್ ಬಾಯಿಯನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿಗೆ ಸ್ಪಿರಿಟ್ ಹಚ್ಚಿ ಉಜ್ಜಿದರು. ಅಲ್ಲಿ ಹಸಿರು ಕಿಲುಬು ಇತ್ತು, ನಮ್ಮ ಕರಾವಳಿಯ ಉಪ್ಪುಗಾಳಿಯ ಕೊಡುಗೆ. ಆದರೂ ಹತ್ತೇ ನಿಮಿಷದಲ್ಲಿ ಚಾರ್ಜ್ ತುಂಬಿತು ಎಂದು ತೋರಿಸಿತು. ಅಷ್ಟು ಬೇಗ ತುಂಬುವುದು, ದನಿ ಏರಿಸಿದ ಕೂಡಲೇ ಆರಿಹೋಗುವುದು, ಬೆನ್ನಿನ ಮುಚ್ಚಳ ಸ್ವಲ್ಪ ಎದ್ದಿರುವುದು. ಈ ಮೂರೂ ಕೂಡಿದರೆ ಸೆಲ್ ಮೇಲೆಯೇ ಗುಮಾನಿ.

ಮುಚ್ಚಳ ತೆಗೆದಾಗ ಸೆಲ್ ಪೂರಿಯಂತೆ ಉಬ್ಬಿತ್ತು. ಮೀಟರ್ ಹಿಡಿದರು: 4.1 ವೋಲ್ಟ್. ಲಿಥಿಯಂ ಸೆಲ್ ಪೂರ್ತಿ ತುಂಬಿದರೆ 4.2, ಹಾಗಾದರೆ ಚೆನ್ನಾಗಿದೆಯಲ್ಲ ಎಂದೆ. ಅವರು ಮೀಟರ್ ತೆಗೆಯದೆ ಹಾಡು ಒತ್ತಿದರು. ಮುಳ್ಳು 3.3ಕ್ಕೆ ಬಿತ್ತು, ಪ್ಲೇಯರ್ ಆರಿತು. ವಯಸ್ಸಾದ ಸೆಲ್ಲಿನ ಒಳಗೆ ತಡೆ ಹೆಚ್ಚುತ್ತದೆ. ಸುಮ್ಮನಿದ್ದಾಗ ವೋಲ್ಟೇಜ್ ಸರಿಯಾಗಿ ಕಂಡರೂ ಕೆಲಸ ಕೊಟ್ಟಾಗ ಕುಸಿಯುತ್ತದೆ. ಮೀಟರ್ ಇಟ್ಟುಕೊಂಡವರೂ ಅನೇಕ ಸಲ ಈ ಎರಡನೆಯ ಅಳತೆ ಮಾಡುವುದಿಲ್ಲ. ನಿಲಂಗದವರು ಮೊದಲನೆಯದನ್ನೂ ಮಾಡಲಿಲ್ಲ, ಆ ಮಾತು ಬೇರೆ.

ಸೆಲ್ಲಿನ ಮೇಲೆ 402030 ಎಂದಿತ್ತು. ಅದು ಕಂಪನಿಯ ಗುಟ್ಟೇನಲ್ಲ, ಅಳತೆ: ದಪ್ಪ 4 ಮಿಲಿಮೀಟರ್, ಅಗಲ 20, ಉದ್ದ 30. ಬ್ಲೂಟೂತ್ ಸ್ಪೀಕರ್, ಆಟಿಕೆಗಳಲ್ಲೂ ಇಂಥವೇ ಇರುವುದರಿಂದ ಕಾಕಾರ ಡಬ್ಬಿಯಲ್ಲಿ ಹೊಸದಿತ್ತು. ತಲೆಯ ಮೇಲೆ ಹಳದಿ ಟೇಪಿನಡಿ ಪುಟ್ಟ ರಕ್ಷಣಾ ಬೋರ್ಡ್ ಇರುವುದನ್ನೇ ಆರಿಸಿದರು. ಹಳೆಯದರ ತಂತಿಗಳನ್ನು ಒಂದೊಂದಾಗಿ ಬಿಡಿಸಿದರು. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕತ್ತರಿಯಲ್ಲೇ ಶಾರ್ಟ್ ಆಗುತ್ತದೆ. ಅಂಟಿಕೊಂಡಿದ್ದ ಸೆಲ್ಲನ್ನು ಚಾಕುವಿನಿಂದ ಮೀಟದೆ ಹಳೆಯ ಬಸ್ ಪಾಸಿನ ಪ್ಲಾಸ್ಟಿಕ್ ತುಂಡಿನಿಂದ ಮೆಲ್ಲಗೆ ಎಬ್ಬಿಸಿದರು. ಉಬ್ಬಿದ ಸೆಲ್ ತೂತಾದರೆ ಬೆಂಕಿಯೇ. ತೆಗೆದದ್ದು ಮರಳು ತುಂಬಿದ ತಗಡಿನ ಡಬ್ಬಿಗೆ ಹೋಯಿತು. ಮನೆಯ ಕಸದ ಬುಟ್ಟಿಗೆ ಇಂಥದ್ದು ಹಾಕಲೇಬಾರದು.

ದುಡ್ಡು ತೆಗೆದುಕೊಂಡದ್ದು 180 ರೂಪಾಯಿ.

ಮೊದಲ ಹಾಡು ಬಂದಾಗ ಕಾಕಾ ಬೆಸುಗೆ ಕಡ್ಡಿ ಕೆಳಗಿಟ್ಟು ಇದ್ಯಾವ ಭಾಷೆ ಎಂದು ಕೇಳಿದರು. ಬ್ಯಾರಿ ಎಂದೆ. ಅಂಗಡಿಯ ಹುಡುಗನಿಗೆ ಮರಾಠಿಯ ‘ದೇವೂಳ್’ ಸಿನಿಮಾ ಗೊತ್ತಿತ್ತು. 2011ರ ಅತ್ಯುತ್ತಮ ಚಿತ್ರದ ರಾಷ್ಟ್ರ ಪ್ರಶಸ್ತಿಯನ್ನು ಅದು ನಮ್ಮ ‘ಬ್ಯಾರಿ’ ಜೊತೆ ಹಂಚಿಕೊಂಡಿತ್ತು ಎಂದಾಗ ಅವನು ನಂಬದೆ ಮೊಬೈಲಿನಲ್ಲಿ ಹುಡುಕಿ ನೋಡಿದ. ಆಮೇಲೆ ನನಗೊಂದು ಚಹಾ ಬಂತು.

ಅವರ ಕಂಪ್ಯೂಟರಿನಲ್ಲೇ ಎಲ್ಲವನ್ನೂ ನನ್ನ ಪೆನ್ ಡ್ರೈವಿಗೆ ಇಳಿಸಿಕೊಂಡೆ, ಒಟ್ಟು 23. ತಂಗಿಗೂ ಚಿಕ್ಕಮ್ಮನಿಗೂ ಅಂದೇ ಕಳುಹಿಸಿದೆ. ಹನ್ನೊಂದನೆಯದರಲ್ಲಿ ಉಮ್ಮ ಹಾಡನ್ನು ಅರ್ಧಕ್ಕೇ ನಿಲ್ಲಿಸಿ, ಅಕ್ಕಿ ನೆನೆಹಾಕಿದೆಯಾ ಎಂದು ತಂಗಿಯನ್ನು ಕೇಳುತ್ತಾರೆ, ಇಲ್ಲ ಎಂದದ್ದಕ್ಕೆ ಬೈಯುತ್ತಾರೆ, ಮತ್ತೆ ಬಿಟ್ಟಲ್ಲಿಂದಲೇ ಹಾಡುತ್ತಾರೆ. ಆ ಬೈಗುಳವನ್ನು ಕತ್ತರಿಸಿ ಕೊಡಲೇ ಎಂದು ಅಂಗಡಿಯ ಹುಡುಗ ಕೇಳಿದ. ಬೇಡ ಎಂದೆ.