ಮೀನಲ್ಲ, ಬಲೆ ನೋಡು

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವೆ ರಾಯಚೂರಿನ ಸೀಮೆ. ದೇವದುರ್ಗದ ಕಡೆಯವರು ಕೃಷ್ಣೆಗೆ ಇಳಿದರೆ ಮಾನ್ವಿಯ ಕಡೆಯವರು ತುಂಗಭದ್ರೆಗೆ ಇಳಿಯುತ್ತಾರೆ. ಎರಡೂ ದಂಡೆಗಳಲ್ಲಿ ಬೀಸುಬಲೆಯನ್ನು ನಂಬಿ ಬದುಕಿದ ಅಂಬಿಗರ ಮನೆಗಳಿವೆ. ಬಲೆ ಬೀಸುವುದು ರಟ್ಟೆಯ ಬಲದ ಕೆಲಸವೆಂದು ನೋಡುವವರಿಗೆ ಅನಿಸುತ್ತದೆ. ಹಾಗಲ್ಲ.

ಬೀಸುಬಲೆಯ ಅಂಚಿಗೆ ಸುತ್ತಲೂ ಸೀಸದ ಗುಂಡುಗಳು. ನಡುವಿನ ಹಗ್ಗದ ತುದಿ ಮಣಿಕಟ್ಟಿಗೆ. ಬಲೆಯನ್ನು ಪಾಲು ಮಾಡಿ ಹಿಡಿದು, ಸೊಂಟ ತಿರುಗಿಸಿ ಬೀಸಿ, ಸರಿಯಾದ ಗಳಿಗೆಗೆ ಕೈ ಬಿಡಬೇಕು. ಆಗ ಗುಂಡುಗಳು ಹೊರಕ್ಕೆ ಎಳೆದು ಬಲೆ ದುಂಡಗೆ ಬಿಚ್ಚಿಕೊಳ್ಳುತ್ತದೆ. ಪಾಲು ಹೆಚ್ಚುಕಡಿಮೆಯಾದರೆ ಅರ್ಧಚಂದ್ರ. ಕೈ ತಡವಾಗಿ ಬಿಟ್ಟರೆ ಒಂದು ಮಗ್ಗುಲಿಗೆ ಮುದ್ದೆ. ಅಂದರೆ, ಕೈಯ ತಪ್ಪು ಗಾಳಿಯಲ್ಲೇ ಚಿತ್ರವಾಗಿ ಕಾಣುತ್ತದೆ.

ದೂರದ ದೇಶಗಳಲ್ಲಿ ಗರಿ ಕಟ್ಟಿದ ಹಗುರ ಗಾಳದಿಂದ ಮೀನು ಹಿಡಿಯುವವರ ಮಾತೂ ಇದೇ. ಆ ಗಾಳಕ್ಕೆ ತೂಕವಿಲ್ಲ. ಅದನ್ನು ಒಯ್ಯುವುದು ದಾರದ ತೂಕ. ಕೋಲಿನ ತುದಿ ನೇರ ಸಾಗಿ ಥಟ್ಟನೆ ನಿಂತರೆ ದಾರ ಕಿರಿದಾದ ಕುಣಿಕೆಯಾಗಿ ಉರುಳುತ್ತಾ ದೂರ ಹೋಗುತ್ತದೆ. ತುದಿ ಕಮಾನಿನಂತೆ ಬಾಗಿ ಸಾಗಿದರೆ ಕುಣಿಕೆ ಅಗಲವಾಗಿ ದಾರ ಹತ್ತಿರವೇ ಸೋತು ಬೀಳುತ್ತದೆ. ನಡುವೆ ಒಮ್ಮೆಲೇ ಜಗ್ಗಿದರೆ ದಾರಕ್ಕೆ ದಾರ ಅಡ್ಡ ಬಂದು ಗಂಟಾಗುತ್ತದೆ. ಅವರು ಕಲಿಯುವುದು ಹುಲ್ಲುಹಾಸಿನ ಮೇಲೆ, ಗಾಳದ ಬದಲು ನೂಲಿನ ತುಣುಕು ಕಟ್ಟಿ. ಮೀನಿಲ್ಲದ ಕಡೆ ಕುಣಿಕೆಯೊಂದೇ ಗುರು.

ಮಾನ್ವಿ ಕಡೆಯ ಅಂಬಿಗರೊಬ್ಬರು ಹತ್ತನೇ ತರಗತಿಯ ಮಗನಿಗೆ ಬಲೆ ಕಲಿಸಿದ್ದೂ ಹೀಗೆಯೇ, ಬಯಲು ಕಣದಲ್ಲಿ. ಮುಂದೆ ಹೊಳೆಗೆ ಇಳಿದ ಮೇಲೂ ಹುಡುಗ ಬುಟ್ಟಿಯತ್ತ ನೋಡಿದರೆ ಅಪ್ಪ ಗದರುತ್ತಿದ್ದರು: "ಮೀನ ಎಷ್ಟ್ ಬಿದ್ದವು ಅಂತ ಎಣಿಸಬ್ಯಾಡೋ ತಮ್ಮಾ. ಬಲಿ ಹ್ಯಾಂಗ ಬಿಚ್ಚಿತು, ಅದನ್ನ ನೋಡು."

ಆದರೆ ಅದೇ ಅಪ್ಪ ಮನೆಯಲ್ಲಿ ಬೇರೆ. ಮಗ ರಾಯಚೂರಿನಲ್ಲಿ ಕಾಲೇಜು ಓದಬೇಕು, ಬಲೆ ತನ್ನ ಕಾಲಕ್ಕೇ ಮುಗಿಯಬೇಕು ಎಂಬುದು ಅವರ ಆಸೆ. ಅರ್ಧವಾರ್ಷಿಕದ ಗಣಿತದಲ್ಲಿ 80ಕ್ಕೆ 31 ಬಂದಾಗ ಅವರ ಬಾಯಿಂದ ಬಂದದ್ದು "ಎಷ್ಟು?" ಎಂಬ ಒಂದೇ ಪ್ರಶ್ನೆ. ಎರಡು ದಿನ ಮಾತಿಲ್ಲ. ಹುಡುಗ ತನಗೆ ತಲೆಯೇ ಇಲ್ಲವೆಂದು ತೀರ್ಮಾನಿಸಿದ; ಶಾಲೆ ಬಿಟ್ಟು ಹೊಳೆಗೇ ಬರುತ್ತೇನೆಂದ.

ತಾಯಿ ಉತ್ತರಪತ್ರಿಕೆಯನ್ನು ಇಬ್ಬರ ಮುಂದೆ ಹರವಿದರು. "ಎಲ್ಲಿ ತಪ್ಪಿತು ಅಂತ ನಿಮ್ಮಪ್ಪಗ ತೋರ್ಸು." ಅಪ್ಪನಿಗೆ ಓದು ಬಾರದು. ಹುಡುಗ ಒಂದೊಂದೇ ಲೆಕ್ಕ ಬಿಡಿಸಿ ಹೇಳತೊಡಗಿದ. ಮೂರನೆಯ ಲೆಕ್ಕಕ್ಕೆ ತಾನೇ ತಡೆದ. ಸಮಚಿಹ್ನೆಯ ಆಚೆ ಸಂಖ್ಯೆ ಒಯ್ಯುವಾಗ ಕೂಡಿಸುವ ಚಿಹ್ನೆಯನ್ನು ಕಳೆಯುವುದಾಗಿ ಬದಲಿಸಿರಲಿಲ್ಲ. ಹಿಂದಿನ ಎರಡರಲ್ಲೂ ಅದೇ ತಪ್ಪು.

"ಮೂರೂ ಕಡೆ ಒಂದ ತಪ್ಪೇನು?" ಅಪ್ಪನ ದನಿ ಹಗುರಾಯಿತು. "ಹಂಗಾದ್ರ ಅದು ಕೈಯ ತಪ್ಪು. ತಿದ್ದಬಹುದು."

ಅಂಕ ಎಂಬುದು ಬುಟ್ಟಿಯ ಮೀನು. ಎಷ್ಟು ಸಿಕ್ಕಿತೆಂದು ಹೇಳುತ್ತದೆ. ಏಕೆ ಸಿಗಲಿಲ್ಲವೆಂದು ಹೇಳದು. ಅದನ್ನು ಹೇಳುವ ಉತ್ತರಪತ್ರಿಕೆ ಎಷ್ಟೋ ಮನೆಗಳಲ್ಲಿ ಮಡಚಿದ್ದು ಮಡಚಿದಂತೆಯೇ ಚೀಲದಲ್ಲಿ ಉಳಿದುಬಿಡುತ್ತದೆ.